ಹಿತ್ತಾಳೆ ಮೇಲಿನ ಕಂದು ಪೊರೆಗೆ ಏನನ್ನೋಣ? ಹಳೆಯ ಹಡಗು ಸಾಮಾನಿನ ಕೆಲವು ಪದಗಳು

ಗೆಳೆಯರೇ,

ಹಳೆಯ ಹಡಗಿನ ಉಪಕರಣಗಳನ್ನು ಕೂಡಿಡುವ ಹವ್ಯಾಸದವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಸೆಕ್ಸ್‌ಟಂಟ್, ಆಕ್ಟಂಟ್ (ಎರಡೂ ಸೂರ್ಯ, ನಕ್ಷತ್ರಗಳ ಎತ್ತರದ ಕೋನ ಅಳೆಯುವ ಉಪಕರಣ), ಕ್ರೋನೋಮೀಟರ್ (ಕಡಲಲ್ಲಿ ನಿಖರ ಹೊತ್ತು ತೋರಿಸುವ ಗಡಿಯಾರ), ದಿಕ್ಸೂಚಿ, ಲಾಂದ್ರ, ಗಂಟೆ, ಹಡಗಿನ ದುಂಡು ಕಿಟಕಿ, ಇಂಥವು. ಇವುಗಳ ಹೆಸರಿನ ಬಗ್ಗೆ ನನ್ನ ತಕರಾರಿಲ್ಲ. ಸೆಕ್ಸ್‌ಟಂಟನ್ನು ಸೆಕ್ಸ್‌ಟಂಟ್ ಅಂತಲೇ ಬರೆದರೆ ಸಾಕು. ‘ಷಷ್ಠಾಂಶ ಕೋನಮಾಪಕ’ ಅಂತ ಹೊಸದಾಗಿ ಕಟ್ಟಿದರೆ ಕೊಳ್ಳುವವರಿಗೂ ಗೊತ್ತಾಗಲ್ಲ, ಮಾರುವವರಿಗೂ ಗೊತ್ತಾಗಲ್ಲ. ನಾನು ಸಿಕ್ಕಿಹಾಕಿಕೊಂಡಿರುವುದು ವಸ್ತುವಿನ ಸ್ಥಿತಿ ಹೇಳುವ ಪದಗಳಲ್ಲಿ.

ಪಟಿನಾ ಅನ್ನುವುದನ್ನೇ ತಗೊಳ್ಳಿ. ಹಿತ್ತಾಳೆ, ಕಂಚು ಬಹಳ ವರ್ಷ ಗಾಳಿಗೆ ಒಡ್ಡಿಕೊಂಡಾಗ ಮೇಲೆ ಕಂದು ಬಣ್ಣದ ತೆಳು ಪೊರೆ ಕಟ್ಟುತ್ತದೆ. ಇದಕ್ಕೆ ಬಾಯಿಗೆ ಮೊದಲು ಬರುವ ಪದ ‘ಕಿಲುಬು’. ಆದರೆ ಕಿಲುಬು ಅಂದ ಕೂಡಲೇ ಕೈ ತಿಕ್ಕುವ ಬಟ್ಟೆ ಹುಡುಕುತ್ತದೆ, ಅಲ್ವಾ? ನಮ್ಮ ಮಾತಿನಲ್ಲಿ ಕಿಲುಬು ಅನ್ನುವುದು ತೆಗೆಯಬೇಕಾದ ಕೊಳೆ. ಸಂಗ್ರಹಕಾರರಿಗೆ ಈ ಕಂದು ಪೊರೆ ಉಳಿಯಬೇಕು. ವಸ್ತು ಹಳೆಯದು ಅನ್ನುವುದಕ್ಕೆ ಅದೂ ಒಂದು ಸಾಕ್ಷಿ. ಜೊತೆಗೆ ಒಳಗಿನ ಲೋಹವನ್ನು ಅದೇ ಕಾಯುತ್ತದೆ.

ಹಾಗಂತ ಎಲ್ಲವನ್ನೂ ಉಳಿಸಿಕೊಳ್ಳುವ ಹಾಗೂ ಇಲ್ಲ. ಕಡಲಿನ ಉಪ್ಪು ಲೋಹದ ಒಳಗೆ ಸೇರಿ, ತೇವವೂ ಸಿಕ್ಕರೆ, ಅಲ್ಲಲ್ಲಿ ತಿಳಿ ಹಸಿರು ಪುಡಿ ಏಳುತ್ತದೆ. ಒರೆಸಿದರೂ ಮತ್ತೆ ಬರುತ್ತದೆ, ಕೆಳಗೆ ಸಣ್ಣ ಗುಳಿ ಬೀಳುತ್ತದೆ. ಸುಮ್ನೆ ಬಿಟ್ಟರೆ ಲೋಹವನ್ನು ತಿನ್ನುತ್ತಲೇ ಹೋಗುತ್ತದೆ. ನನ್ನ ಪ್ರಕಾರ ಕಿಲುಬು ಅನ್ನುವ ಪದವನ್ನು ಈ ಹಸಿರಿಗೆ ಮೀಸಲಿಡಬೇಕು. ಆ ಕಂದು ಪೊರೆಗೆ ಬೇರೆ ಪದ ಬೇಕು. ‘ಹಳಮೆ’ ಅಂದರೆ ಗುಣವೋ ವಸ್ತುವೋ ತಿಳಿಯುವುದಿಲ್ಲ. ‘ಕಾಲದ ಬಣ್ಣ’ ಯಾಕೋ ಕವಿತೆಯಾಯಿತು. ಸದ್ಯಕ್ಕೆ ನನ್ನ ಒಲವು ‘ಮಾಗಿದ ಬಣ್ಣ’ದ ಕಡೆ. ಮಾಗುವುದು ಒಳ್ಳೆಯದು ಅನ್ನುವ ಭಾವ ಅದರಲ್ಲಿದೆ, ಯಾರೂ ಅದನ್ನು ತಿಕ್ಕಿ ತೆಗೆಯಲು ಹೋಗುವುದಿಲ್ಲ. ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ.

ಇದರ ಪಕ್ಕದಲ್ಲೇ ಇನ್ನೊಂದು ತೊಡಕಿದೆ. 18, 19ನೇ ಶತಮಾನದ ಹಿತ್ತಾಳೆ ಉಪಕರಣಗಳನ್ನು ಬರಿ ಹಿತ್ತಾಳೆಯಾಗಿ ಬಿಡುತ್ತಿರಲಿಲ್ಲ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಿಸಿ ಮಾಡಿದ ಲೋಹಕ್ಕೆ ತೆಳುವಾಗಿ ಬಳಿಯುತ್ತಿದ್ದರು. ಹೊನ್ನಿನ ಛಾಯೆಯ ಆ ಲೇಪ ಇನ್ನೂ ಉಳಿದಿದ್ದರೆ ಬೆಲೆ ಜಾಸ್ತಿ. ಇದನ್ನು ‘ಮೆರುಗು’ ಅಂತ ಬರೆದರೆ ಕೆಲಸ ಕೆಡುತ್ತದೆ. ಮೆರುಗು ಅಂದರೆ ತಿಕ್ಕಿ ಬರಿಸಿದ ಹೊಳಪೂ ಆಗಬಹುದು, ಬಳಿದ ಲೇಪವೂ ಆಗಬಹುದು. ಒಂದನ್ನು ಮಾಡಿದರೆ ಇನ್ನೊಂದು ಹೋಗುತ್ತದೆ! ‘ಅರಗಿನ ಲೇಪ’ ಅಂದರೆ ಗೊಂದಲವೇ ಇಲ್ಲ. ಪದ ನಮ್ಮದೇ, ವಸ್ತುವೂ ಅದೇ.

ಈ ವ್ಯತ್ಯಾಸಕ್ಕೆ ನಾನು ಇಷ್ಟು ಜೋತುಬಿದ್ದಿರುವುದಕ್ಕೆ ಕಾರಣವಿದೆ. ಒಳ್ಳೆಯ ಸೆಕ್ಸ್‌ಟಂಟಿನ ಕಮಾನಿನಲ್ಲಿ ಬೆಳ್ಳಿಯ ಪಟ್ಟಿ ಕೂರಿಸಿ, ಅದರ ಮೇಲೆ ಅಳತೆಯ ಗೆರೆ ಕೊರೆದಿರುತ್ತಾರೆ. ಕಮಾನು ವೃತ್ತದ ಆರನೇ ಒಂದು ಭಾಗ, ಅಂದರೆ 60 ಡಿಗ್ರಿ. ಕನ್ನಡಿಯಲ್ಲಿ ಕೋನ ಇಮ್ಮಡಿಯಾಗುವುದರಿಂದ ಅದರ ಮೇಲೆ 120 ಡಿಗ್ರಿಯವರೆಗೆ ಗುರುತು. ಒಂದೊಂದು ಡಿಗ್ರಿಯನ್ನೂ ಮತ್ತೆ ಸಣ್ಣ ಸಣ್ಣ ಪಾಲು ಮಾಡಿರುತ್ತಾರೆ. ಲಂಡನ್ನಿನ ಉಪಕರಣ ತಯಾರಕ ಜೆಸ್ಸಿ ರಾಮ್ಸ್‌ಡೆನ್ 1770ರ ದಶಕದಲ್ಲಿ ಗೆರೆ ಕೊರೆಯುವ ಯಂತ್ರವನ್ನೇ ಮಾಡಿದ್ದು ಇಂಥ ಸೂಕ್ಷ್ಮ ಕೆಲಸಕ್ಕಾಗಿ. ಪಾಲಿಶ್ ಹಾಕಿ ಎರಡು ಮೂರು ಸಲ ಉಜ್ಜಿದರೆ ಆ ಗೆರೆಗಳು ಸವೆಯತೊಡಗುತ್ತವೆ. ಆಮೇಲೆ ಅದು ಗೂಡಿನಲ್ಲಿಡುವ ಹಿತ್ತಾಳೆ ಅಷ್ಟೇ.

ಗಂಟೆಯ ವಿಷಯ ಮಾತ್ರ ತಿರುಗುಮುರುಗು. ಹಡಗಿನ ಗಂಟೆಯನ್ನು ಹಡಗಿನಲ್ಲೇ ಮತ್ತೆ ಮತ್ತೆ ತಿಕ್ಕಿ ಹೊಳೆಯಿಸುತ್ತಿದ್ದರು. ಹಾಗಾಗಿ ನಿಜವಾಗಿ ಕೆಲಸ ಮಾಡಿದ ಗಂಟೆಯಲ್ಲಿ ಹಡಗಿನ ಹೆಸರಿನ ಅಕ್ಷರದ ಅಂಚು ಮೆತ್ತಗಾಗಿರುತ್ತದೆ. ಹೆಸರು, ವರ್ಷ ಎಲ್ಲ ಚೂಪಾಗಿ ಎದ್ದು ಕಾಣುತ್ತಿದ್ದರೆ ಸ್ವಲ್ಪ ಅನುಮಾನ ಪಡಬೇಕು. ಇಲ್ಲಿ ‘ತಿಕ್ಕಿದ್ದು’ ದೋಷವಲ್ಲ, ‘ಸವೆತ’ವೇ ಗುಣ. ಒಂದೇ ಪದಪಟ್ಟಿಯನ್ನು ಎರಡಕ್ಕೂ ಹಚ್ಚಲಿಕ್ಕಾಗದು.

ಗಂಟೆ ಅಂದೆನಲ್ಲ, ಅದು ಇನ್ನೊಂದು ತಲೆನೋವು. ಹಡಗಿನಲ್ಲಿ ನಾಲ್ಕು ಗಂಟೆಯ ಪಾಳಿ. ಪ್ರತಿ ಅರ್ಧ ಗಂಟೆಗೆ ಒಂದು ಹೊಡೆತ ಜಾಸ್ತಿಯಾಗುತ್ತಾ ಪಾಳಿ ಮುಗಿಯುವಾಗ ಎಂಟು ಹೊಡೆತ ಆಗುತ್ತದೆ. ಇದೇ ಲೆಕ್ಕದಲ್ಲಿ ಬಾರಿಸುವ ಹಡಗಿನ ಗಡಿಯಾರಗಳೂ ಇವೆ. ಈಗ ‘ಈ ಗಡಿಯಾರ ಮಧ್ಯಾಹ್ನ ಹನ್ನೆರಡಕ್ಕೆ ಎಂಟು ಗಂಟೆ ಹೊಡೆಯುತ್ತದೆ’ ಅಂತ ಬರೆದು ನೋಡಿ. ಗಡಿಯಾರ ಕೆಟ್ಟಿದೆ ಅಂತಲೇ ಓದುಗರು ಅಂದುಕೊಳ್ಳುತ್ತಾರೆ. ಬಾರಿಸುವ ವಸ್ತುವಿಗೂ ಹೊತ್ತಿಗೂ ನಮ್ಮಲ್ಲಿ ಒಂದೇ ಪದ. ‘ಎಂಟು ಹೊಡೆತ’ ಅಂತ ಬರೆಯುವುದೇ ವಾಸಿ ಅನಿಸಿದೆ. ಇನ್ನು ಹಡಗಿನ ವೇಗ ಹೇಳುವ ‘ಗಂಟು’ (ನಾಟ್, ಅಂದರೆ ಗಂಟೆಗೆ ಒಂದು ಕಡಲ ಮೈಲಿ) ಕೂಡ ಇದರ ನೆಂಟನೇ. ಹಗ್ಗದಲ್ಲಿ 47 ಅಡಿ 3 ಇಂಚಿಗೊಂದು ಗಂಟು ಹಾಕಿ, 28 ಸೆಕೆಂಡಿನ ಮರಳು ಗಡಿಯಾರ ಬರಿದಾಗುವಷ್ಟರಲ್ಲಿ ಎಷ್ಟು ಗಂಟು ನೀರಿಗೆ ಹೋಯಿತು ಅಂತ ಎಣಿಸುತ್ತಿದ್ದರು. ‘ಗಂಟೆಗೆ ಹತ್ತು ಗಂಟು’ ಅಂತ ಬರೆಯಬೇಡಿ, ಗಂಟೆಯ ಲೆಕ್ಕ ಆ ಗಂಟಿನೊಳಗೇ ಇದೆ.

‘ಪುರಾತನ’ ಅನ್ನುವ ಪದವನ್ನು ನಾನು ಕೈಬಿಟ್ಟಿದ್ದೇನೆ. 1880ರ ದಿಕ್ಸೂಚಿಗೆ ಪುರಾತನ ಅಂದರೆ ಅಶೋಕನ ಕಾಲದ್ದೇನೋ ಅನಿಸುತ್ತದೆ. ‘ಹಳೆಯ’ ಅಂತ ಬರೆದು ವರ್ಷ ಹಾಕಿದರೆ ಮುಗಿಯಿತು.

ಅಸಲಿ ಅಲ್ಲದ್ದರಲ್ಲಿ ಮಾತ್ರ ಮೂರು ಬಗೆ ಬೇಕೇಬೇಕು. ಅಲಂಕಾರಕ್ಕೆ ಅಂತಲೇ ಮಾಡಿ, ಹಾಗೆಂದು ಹೇಳಿಯೇ ಮಾರುವುದು ‘ಪ್ರತಿ’. ಹಳೆಯ ತಯಾರಕರ ಹೆಸರು, ಇಸವಿ ಕೆತ್ತಿ ಹಳೆಯದೆಂದು ಸಾಗಹಾಕುವುದು ‘ನಕಲಿ’. ಇಂಥ ಸೆಕ್ಸ್‌ಟಂಟಿನಲ್ಲಿ ಎಷ್ಟೋ ಸಲ ಕನ್ನಡಿಯ ಹಿಂದೆ ಸರಿಪಡಿಸುವ ತಿರುಪೇ ಇರುವುದಿಲ್ಲ, ಬರಿ ಅಂಟಿಸಿರುತ್ತಾರೆ. ಮೂರನೆಯದು ಉಪಕರಣ ಒಂದರದ್ದು, ಪೆಟ್ಟಿಗೆ ಇನ್ನೊಂದರದ್ದು. ಎರಡೂ ಹಳೆಯವೇ, ಆದರೆ ಒಟ್ಟಿಗೆ ಹುಟ್ಟಿದವಲ್ಲ. ಪೆಟ್ಟಿಗೆಯ ಮುಚ್ಚಳದೊಳಗೆ ಇಂಥ ಉಪಕರಣಗಳನ್ನು ಪರೀಕ್ಷಿಸುತ್ತಿದ್ದ ಇಂಗ್ಲೆಂಡಿನ ಕ್ಯೂ ವೀಕ್ಷಣಾಲಯದ ಪರೀಕ್ಷೆಯ ಚೀಟಿ ಅಂಟಿಸಿದ್ದರೆ, ಅದರಲ್ಲಿರುವ ಸಂಖ್ಯೆಯೂ ಉಪಕರಣದ ಮೇಲಿನ ಸಂಖ್ಯೆಯೂ ತಾಳೆಯಾಗುತ್ತದೆಯೇ ನೋಡಬೇಕು. ಇಂಥದಕ್ಕೆ ‘ಕೂಡಿಕೆ’ ಅನ್ನಬಹುದೇ? ‘ಬೆರಕೆ’ ಅಂದರೆ ಬೈದ ಹಾಗಾಗುತ್ತದೆ.

ಕೊನೆಗೆ ಗಿಂಬಲ್. ಒಂದರೊಳಗೊಂದು ಬಳೆ, ಅಡ್ಡಡ್ಡ ಕೀಲು, ಹಡಗು ಎಷ್ಟೇ ಓಲಾಡಿದರೂ ನಡುವಿನ ದಿಕ್ಸೂಚಿ ಮಟ್ಟಸವಾಗಿರುತ್ತದೆ. ನಾನು ‘ತೂಗುಬಳೆ’ ಅಂತ ಬರೆದಿಟ್ಟಿದ್ದೇನೆ. ನಿಮ್ಮಲ್ಲಿ ಯಾರಾದರೂ ಹಡಗಿನಲ್ಲಿ ಕೆಲಸ ಮಾಡಿದ್ದರೆ, ಅಲ್ಲಿ ಇದನ್ನು ಕನ್ನಡದವರು ಏನಂತ ಕರೆಯುತ್ತಿದ್ದರು ಅಂತ ತಿಳಿಸಿ. ಬಳಕೆಯ ಪದವಿದ್ದರೆ ನನ್ನದನ್ನು ಹೊಡೆದುಹಾಕುತ್ತೇನೆ.