ಪದಚರ್ಚೆ: ಸೂಪರ್ ಕಪ್ ಪಂದ್ಯವೋ, ಪಂದ್ಯಾವಳಿಯೋ? ಅದಕ್ಕೆ ‘ಏಕೈಕ’ ಎಂಬ ವಿಶೇಷಣ ಸಲ್ಲುತ್ತದೆಯೇ?

ಮಾನ್ಯರೆ,

ಯುರೋಪಿನ ಫುಟ್‌ಬಾಲ್‌ನಲ್ಲಿ ಹೊಸ ಋತು ಆರಂಭವಾಗುವ ಹೊತ್ತಿಗೆ, ಸಾಮಾನ್ಯವಾಗಿ ಆಗಸ್ಟ್ ತಿಂಗಳಲ್ಲಿ, ಹಿಂದಿನ ಋತುವಿನ ಚಾಂಪಿಯನ್ಸ್ ಲೀಗ್ ಗೆದ್ದ ಕ್ಲಬ್ಬಿಗೂ ಯುರೋಪಾ ಲೀಗ್ ಗೆದ್ದ ಕ್ಲಬ್ಬಿಗೂ ಒಂದು ಪಂದ್ಯ ನಡೆಯುತ್ತದೆ. ಯುಇಎಫ್‌ಎ ಸೂಪರ್ ಕಪ್ ಎಂಬುದು ಅದರ ಹೆಸರು; ಯುಇಎಫ್‌ಎ ಎಂದರೆ ಯುರೋಪಿನ ಫುಟ್‌ಬಾಲ್ ಒಕ್ಕೂಟ. ಈ ಪಂದ್ಯದ ಬಗ್ಗೆ ಕನ್ನಡದಲ್ಲಿ ಬರೆಯುವಾಗ ‘ಸೂಪರ್ ಕಪ್ ಟೂರ್ನಿ’, ‘ಸೂಪರ್ ಕಪ್ ಪಂದ್ಯಾವಳಿ’, ‘ಸೂಪರ್ ಕಪ್ ಫೈನಲ್’, ‘ಏಕೈಕ ಪಂದ್ಯ’ ಎಂಬ ಮಾತುಗಳು ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತವೆ. ಇವುಗಳಲ್ಲಿ ಯಾವುದು ಸರಿ, ಯಾವುದು ಓದುಗನನ್ನು ದಾರಿ ತಪ್ಪಿಸುತ್ತದೆ ಎಂಬುದು ನನ್ನ ಪ್ರಶ್ನೆ. ನನ್ನ ಅಭಿಪ್ರಾಯವನ್ನೂ ಜೊತೆಗೇ ಬರೆಯುತ್ತಿದ್ದೇನೆ. ಒಪ್ಪದವರು ತಿದ್ದಬೇಕು.

‘ಪಂದ್ಯಾವಳಿ’ಯನ್ನು ಮೊದಲು ನೋಡೋಣ. ಪಂದ್ಯಗಳ ಆವಳಿಯೇ, ಅಂದರೆ ಸಾಲೇ, ಪಂದ್ಯಾವಳಿ. ಊರುಗಳಲ್ಲಿ ಗೋಡೆಗೆ ಅಂಟಿಸುವ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ಯ ಭಿತ್ತಿಪತ್ರ ಓದಿದವರಿಗೆ ಅಲ್ಲಿ ಹತ್ತಾರು ತಂಡಗಳು ಸೇರುತ್ತವೆ, ರಾತ್ರಿಯಿಡೀ ಪಂದ್ಯಗಳು ನಡೆಯುತ್ತವೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎರಡೇ ತಂಡಗಳು ಒಂದೇ ಸಂಜೆ ಸೇರಿ ಮುಗಿಸುವ ಆಟಕ್ಕೆ ಆ ಹೆಸರಿಟ್ಟರೆ ಪದದ ಒಳಗೇ ವಿರೋಧ ಹುಟ್ಟುತ್ತದೆ. ‘ಟೂರ್ನಿ’ ಎರವಲು ಪದವಾದರೂ ಕನ್ನಡದಲ್ಲಿ ಅದು ಪಡೆದಿರುವ ಅರ್ಥ ಪಂದ್ಯಾವಳಿಯದೇ ಆದ್ದರಿಂದ ಅದಕ್ಕೂ ಇದೇ ಆಕ್ಷೇಪ.

ಆದರೆ ಈ ಬಳಕೆಯನ್ನು ಬರೀ ಅಜಾಗರೂಕತೆ ಎಂದು ತಳ್ಳಿಹಾಕುವಂತಿಲ್ಲ. ಭಾರತದಲ್ಲಿ ಈಗ ಸೂಪರ್ ಕಪ್ ಎಂದರೆ ನಿಜವಾಗಿಯೂ ಟೂರ್ನಿ. 2018ರಲ್ಲಿ ಭುವನೇಶ್ವರದಲ್ಲಿ ನಡೆದ ಸೂಪರ್ ಕಪ್ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ತಂಡ ಈಸ್ಟ್ ಬೆಂಗಾಲ್ ತಂಡವನ್ನು 4–1ರಿಂದ ಸೋಲಿಸಿತು. ಅದು ಹಲವು ತಂಡಗಳ ನಾಕೌಟ್ ಟೂರ್ನಿಯ ಕೊನೆಯ ಪಂದ್ಯವಾಗಿತ್ತು. ಅದಕ್ಕೂ ಹಿಂದೆ, 1997ರಿಂದ 2011ರವರೆಗೆ, ‘ಇಂಡಿಯನ್ ಸೂಪರ್ ಕಪ್’ ಎಂಬ ಹೆಸರಿನಲ್ಲಿ ರಾಷ್ಟ್ರೀಯ ಲೀಗಿನ ಚಾಂಪಿಯನ್ನರೂ ಫೆಡರೇಷನ್ ಕಪ್ ವಿಜೇತರೂ ಎದುರುಬದುರಾಗುತ್ತಿದ್ದರು. ಹೀಗೆ ಒಂದೇ ದೇಶದಲ್ಲಿ ಒಂದೇ ಹೆಸರು ಎರಡು ಕಾಲಗಳಲ್ಲಿ ಎರಡು ಬಗೆಯ ಸ್ಪರ್ಧೆಗಳಿಗೆ ಸಂದಿದೆ. ಸ್ಪೇನ್ ಕೂಡ ತನ್ನ ಸೂಪರ್ ಕಪ್ಪನ್ನು 2020ರ ಜನವರಿಯಿಂದ ನಾಲ್ಕು ತಂಡಗಳಿಗೆ ಹಿಗ್ಗಿಸಿತು, 2024ರಲ್ಲಿ ಇಟಲಿಯೂ ಅದೇ ದಾರಿ ಹಿಡಿಯಿತು. ಆದ್ದರಿಂದ ‘ಸೂಪರ್ ಕಪ್’ ಎಂದಷ್ಟೇ ಬರೆದು ನಿಲ್ಲಿಸಿದರೆ ಅದು ಪಂದ್ಯವೋ ಟೂರ್ನಿಯೋ ತಿಳಿಯುವುದಿಲ್ಲ. ಹೆಸರಿನ ಪಕ್ಕದಲ್ಲಿ ಬರುವ ಪದವೇ ಅದನ್ನು ಹೇಳಬೇಕು. ಯುಇಎಫ್‌ಎ ಸೂಪರ್ ಕಪ್ಪಿನ ಪಕ್ಕದಲ್ಲಿ ‘ಪಂದ್ಯ’ ಎಂಬುದಷ್ಟೇ ಬರಬೇಕು ಎಂದು ನನ್ನ ಅಭಿಪ್ರಾಯ. ನಮ್ಮ ಕ್ರಿಕೆಟ್ ಬರಹಗಳಲ್ಲಿ ಇದಕ್ಕೆ ಮಾದರಿಯೂ ಇದೆ. ರಣಜಿ ಚಾಂಪಿಯನ್ ತಂಡವು ಶೇಷ ಭಾರತ ತಂಡದ ಎದುರು ಆಡುವುದನ್ನು ‘ಇರಾನಿ ಕಪ್ ಪಂದ್ಯ’ ಎಂದೇ ಬರೆಯುತ್ತ ಬಂದಿದ್ದೇವೆ, ಅದು ಯಾರಿಗೂ ಕೊರತೆಯಾಗಿ ಕಂಡಿಲ್ಲ.

ಇನ್ನು ‘ಏಕೈಕ’. ಇಂಗ್ಲಿಷಿನ ‘ವನ್-ಆಫ್’ ಎಂಬುದಕ್ಕೆ ಕ್ರಿಕೆಟ್ ವರದಿಗಾರರು ಕಂಡುಕೊಂಡ ಪದ ಇದು, ಮತ್ತು ಕ್ರಿಕೆಟ್‌ನಲ್ಲಿ ಅದು ಚೆನ್ನಾಗಿ ಒಗ್ಗಿದೆ. 2018ರ ಜೂನ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತದ ಎದುರು ಅಫ್ಗಾನಿಸ್ತಾನ ತನ್ನ ಚೊಚ್ಚಲ ಟೆಸ್ಟ್ ಆಡಿ ಎರಡೇ ದಿನಗಳಲ್ಲಿ ಸೋತದ್ದನ್ನು ‘ಏಕೈಕ ಟೆಸ್ಟ್’ ಎಂದರೆ ಅದು ಸರಿಯಾದ ಪ್ರಯೋಗ. ಟೆಸ್ಟ್ ಎಂದರೆ ಎರಡು, ಮೂರು ಅಥವಾ ಐದು ಪಂದ್ಯಗಳ ಸರಣಿ ಇರುತ್ತದೆ ಎಂಬ ನಿರೀಕ್ಷೆ ಓದುಗನಲ್ಲಿದೆ, ಇಲ್ಲಿ ಮಾತ್ರ ಒಂದೇ ಎಂಬುದನ್ನು ‘ಏಕೈಕ’ ತಿಳಿಸುತ್ತದೆ. ‘ಏಕೈಕ ಪುತ್ರ’, ‘ಏಕೈಕ ಗೋಲು’ ಎಂಬಲ್ಲೂ ಹೀಗೆಯೇ: ಇನ್ನೂ ಇರಬಹುದಾಗಿತ್ತು, ಇರುವುದು ಒಂದೇ. ಪ್ರತಿ ವರ್ಷವೂ ತಪ್ಪದೆ ಬರುವ, ನಿಯಮದಂತೆಯೇ ಒಂದಾಗಿರುವ ಪಂದ್ಯಕ್ಕೆ ಈ ವಿಶೇಷಣ ಹಚ್ಚಿದರೆ ಇತಿಹಾಸದಲ್ಲಿ ಒಮ್ಮೆ ಮಾತ್ರ ನಡೆದದ್ದೆಂಬ ಭಾವನೆ ಬರುತ್ತದೆ.

ಈ ಗೊಂದಲದ ಬೇರು ಸೂಪರ್ ಕಪ್ಪಿನ ಚರಿತ್ರೆಯಲ್ಲಿಯೇ ಇದೆ. ನೆದರ್ಲೆಂಡ್ಸಿನ ‘ದೆ ಟೆಲಿಗ್ರಾಫ್’ ಪತ್ರಿಕೆಯ ವರದಿಗಾರ ಆಂಟನ್ ವಿಟ್‌ಕಾಂಪ್ ಈ ಸ್ಪರ್ಧೆಯ ಕಲ್ಪನೆಯನ್ನು ಮುಂದಿಟ್ಟಾಗ, ಯುರೋಪಿಯನ್ ಕಪ್ (ಇಂದಿನ ಚಾಂಪಿಯನ್ಸ್ ಲೀಗ್) ಗೆದ್ದ ಆಯಾಕ್ಸ್ ತಂಡಕ್ಕೂ, ಆಯಾ ದೇಶಗಳ ಕಪ್ ವಿಜೇತರು ಆಡುತ್ತಿದ್ದ ಕಪ್ ವಿನ್ನರ್ಸ್ ಕಪ್ ಗೆದ್ದ ಸ್ಕಾಟ್ಲೆಂಡಿನ ರೇಂಜರ್ಸ್ ತಂಡಕ್ಕೂ 1973ರ ಜನವರಿಯಲ್ಲಿ ಸ್ಪರ್ಧೆ ಏರ್ಪಟ್ಟಿತು. ಬಾರ್ಸಿಲೋನಾದಲ್ಲಿ ನಡೆದ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲಿ ತನ್ನ ಅಭಿಮಾನಿಗಳು ನಡೆಸಿದ ದಾಂಧಲೆಯಿಂದಾಗಿ ರೇಂಜರ್ಸ್ ಆಗ ಯುರೋಪಿನ ಸ್ಪರ್ಧೆಗಳಿಂದ ನಿಷೇಧಕ್ಕೊಳಗಾಗಿತ್ತು. ಹಾಗಾಗಿ ಯುಇಎಫ್‌ಎ ಆ ಸ್ಪರ್ಧೆಗೆ ಮಾನ್ಯತೆ ಕೊಡಲಿಲ್ಲ. ಆದರೂ ಅಲ್ಲಿ ನಡೆದದ್ದು ಒಂದು ಪಂದ್ಯವಲ್ಲ, ಎರಡು: ಗ್ಲಾಸ್ಗೋದಲ್ಲಿ ಒಂದು, ಆಮ್‌ಸ್ಟರ್ಡಾಮಿನಲ್ಲಿ ಒಂದು. 3–1 ಮತ್ತು 3–2ರಿಂದ ಗೆದ್ದ ಆಯಾಕ್ಸ್ ಒಟ್ಟಾರೆ 6–3ರ ಮೇಲುಗೈ ಪಡೆಯಿತು. ಮುಂದಿನ ಸಲದಿಂದ ಯುಇಎಫ್‌ಎ ಮಾನ್ಯತೆ ದೊರೆತು, ಎರಡು ಪಂದ್ಯಗಳ ಪದ್ಧತಿ 1997ರವರೆಗೂ ಉಳಿಯಿತು. 1998ರಲ್ಲಿ ಮೊನಾಕೋದ ಲೂಯಿ ದ್ವಿತೀಯ ಕ್ರೀಡಾಂಗಣಕ್ಕೆ ಸ್ಥಳಾಂತರವಾದ ಮೇಲೆಯೇ ಅದು ಕಾಯಂ ಆಗಿ ಒಂದೇ ಪಂದ್ಯಕ್ಕೆ ಇಳಿದದ್ದು. 2013ರಿಂದ ಪ್ರಾಗ್, ಕಾರ್ಡಿಫ್, ಟಿಬಿಲಿಸಿ ಎಂದು ಊರೂರು ತಿರುಗುತ್ತಿದೆ.

ಅಂದರೆ ಮೊದಲ ಸಲ ನಡೆದದ್ದು ಆ ಸಲದ ಮಟ್ಟಿಗಿನ ಏರ್ಪಾಡು, ಪಂದ್ಯಗಳು ಎರಡು. ಈಗ ನಡೆಯುವುದು ವರ್ಷವರ್ಷದ ಏರ್ಪಾಡು, ಪಂದ್ಯ ಒಂದು. ‘ವನ್-ಆಫ್’ ಎಂಬುದು ಈ ಎರಡು ಅರ್ಥಗಳನ್ನೂ ಹೊರುತ್ತದೆ. ಕನ್ನಡದಲ್ಲಿ ಅವನ್ನು ಬೇರೆ ಮಾಡುವುದು ಸುಲಭ: ‘ಒಂದು ಬಾರಿಗೆ ಸೀಮಿತವಾದ’ ಎಂಬುದು ಮೊದಲನೆಯದಕ್ಕೆ, ‘ಒಂದೇ ಪಂದ್ಯದಲ್ಲಿ ತೀರ್ಮಾನವಾಗುವ’ ಎಂಬುದು ಎರಡನೆಯದಕ್ಕೆ. ಉದ್ದವಾಯಿತು ಎನ್ನುವವರು ‘ಒಂದೇ ಪಂದ್ಯದ ಸೂಪರ್ ಕಪ್’ ಎಂದರೂ ಸಾಕು. ‘ಏಕೈಕ’ ಇಲ್ಲಿ ಪೂರ್ತಿ ನಿಷಿದ್ಧ ಎಂದೂ ನಾನು ಹೇಳುವುದಿಲ್ಲ. 1991ರಲ್ಲಿ ಯುಗೊಸ್ಲಾವಿಯಾದ ರಾಜಕೀಯ ಕ್ಷೋಭೆಯಿಂದಾಗಿ ರೆಡ್ ಸ್ಟಾರ್ ಬೆಲ್‌ಗ್ರೇಡ್ ತಂಡದ ಊರಿನಲ್ಲಿ ಆಡುವುದು ಸಾಧ್ಯವಾಗದೆ, ಮ್ಯಾಂಚೆಸ್ಟರಿನಲ್ಲಿ ಮಾತ್ರ ಪಂದ್ಯ ನಡೆದು ಮ್ಯಾಂಚೆಸ್ಟರ್ ಯುನೈಟೆಡ್ 1–0ಯಿಂದ ಗೆದ್ದಿತು. ಎರಡಿರಬೇಕಾದಲ್ಲಿ ಒಂದೇ ಉಳಿದ ಆ ಪಂದ್ಯವನ್ನು ‘ಏಕೈಕ ಪಂದ್ಯ’ ಎಂದರೆ ಆ ಪದಕ್ಕೆ ಅದಕ್ಕಿಂತ ಒಪ್ಪುವ ಜಾಗ ಸಿಗಲಾರದು.

‘ಫೈನಲ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೆಮಿಫೈನಲ್ ಇಲ್ಲದ ಕಡೆ ಫೈನಲ್ ಎಲ್ಲಿಂದ ಬಂತು ಎಂದು ಕೇಳುವುದು ತರ್ಕಕ್ಕೆ ಸರಿ. ಆದರೆ ಪ್ರಶಸ್ತಿ ನಿರ್ಣಯವಾಗುವ ಪಂದ್ಯಕ್ಕೆಲ್ಲ ಆ ಹೆಸರು ಅಂಟಿಕೊಂಡಿದೆ, ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ‘ಪ್ರದರ್ಶನ ಪಂದ್ಯ’, ‘ಸೌಹಾರ್ದ ಪಂದ್ಯ’ ಎಂಬ ಬಳಕೆ. ಇಲ್ಲಿ ಅಧಿಕೃತ ಪ್ರಶಸ್ತಿ ಇದೆ. ಸಮವಾದರೆ ಪೆನಾಲ್ಟಿ ಶೂಟೌಟ್ ಇದೆ. 2025ರಲ್ಲಿ ಇಟಲಿಯ ಉಡಿನೆಯಲ್ಲಿ ಪಂದ್ಯ 2–2ರಲ್ಲಿ ನಿಂತಾಗ ಪ್ಯಾರಿಸ್ ಸೇಂಟ್ ಜರ್ಮೈನ್ ತಂಡ ಟಾಟನ್‌ಹ್ಯಾಮ್ ತಂಡವನ್ನು ಶೂಟೌಟ್‌ನಲ್ಲಿಯೇ ಮಣಿಸಿದ್ದು.

ಇದಕ್ಕಿಂತ ತೊಡಕಿನದು ‘ಯುರೋಪಿಯನ್ ಚಾಂಪಿಯನ್’ ಎಂಬ ಪದಗುಚ್ಛ. 2024ರ ಬೇಸಿಗೆಯನ್ನೇ ತೆಗೆದುಕೊಳ್ಳಿ. ಜೂನ್ 1ರಂದು ವೆಂಬ್ಲಿಯಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದ ರಿಯಲ್ ಮ್ಯಾಡ್ರಿಡ್ ಯುರೋಪಿಯನ್ ಚಾಂಪಿಯನ್. ಜುಲೈ 14ರಂದು ಬರ್ಲಿನ್‌ನಲ್ಲಿ ಯುರೋ ಕಪ್ ಗೆದ್ದ ಸ್ಪೇನ್ ದೇಶವೂ ಯುರೋಪಿಯನ್ ಚಾಂಪಿಯನ್. ಆಗಸ್ಟ್ 14ರಂದು ವಾರ್ಸಾದಲ್ಲಿ ಅಟಲಾಂಟಾ ತಂಡವನ್ನು 2–0ಯಿಂದ ಸೋಲಿಸಿ ಸೂಪರ್ ಕಪ್ ಎತ್ತಿದ್ದು ಇವುಗಳಲ್ಲಿ ಮೊದಲನೆಯದು. ‘ಯುರೋಪಿನ ಕ್ಲಬ್ ಚಾಂಪಿಯನ್’ ಎಂದು ಒಂದು ಪದ ಸೇರಿಸಿದರೆ ಗೊಂದಲವಿಲ್ಲ. ಆದರೆ ‘ಇಬ್ಬರು ಚಾಂಪಿಯನ್ನರ ನಡುವಿನ ಪಂದ್ಯ’ ಎಂಬ ವಿವರಣೆಯೂ ಎಲ್ಲ ಕಾಲಕ್ಕೂ ನಿಲ್ಲುವುದಿಲ್ಲ. 1993ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದ ಮಾರ್ಸೆ ತಂಡ ಫ್ರಾನ್ಸಿನ ಲೀಗಿನಲ್ಲಿ ನಡೆಸಿದ ಲಂಚದ ಹಗರಣದಿಂದಾಗಿ ಹೊರಬಿದ್ದು, ಫೈನಲ್‌ನಲ್ಲಿ ಅದಕ್ಕೆ ಸೋತಿದ್ದ ಮಿಲಾನ್ ಅದರ ಬದಲಿಗೆ ಸೂಪರ್ ಕಪ್ ಆಡಿ ಪಾರ್ಮಾ ಎದುರು ಸೋತಿತು. (‘ರಣಜಿ ಆಡಿದವರು’ ಎನ್ನುವ ಹಾಗೆ ‘ಸೂಪರ್ ಕಪ್ ಆಡಿತು’ ಎನ್ನುವುದು ನನಗೆ ಸಹಜವಾಗಿಯೇ ಕೇಳಿಸುತ್ತದೆ.)

‘ಪ್ರಶಸ್ತಿ ಉಳಿಸಿಕೊಳ್ಳು’ ಎಂಬ ಕ್ರಿಯಾಪದವನ್ನೂ ಇಲ್ಲಿ ಎಚ್ಚರದಿಂದ ಬಳಸಬೇಕು. ಹಿಂದಿನ ವರ್ಷದ ವಿಜೇತ ತಂಡಕ್ಕೆ ಈ ಪಂದ್ಯದಲ್ಲಿ ತಾನಾಗಿ ಸ್ಥಾನವಿಲ್ಲ. ಮತ್ತೆ ಆ ವರ್ಷದ ಚಾಂಪಿಯನ್ಸ್ ಲೀಗನ್ನೋ ಯುರೋಪಾ ಲೀಗನ್ನೋ ಗೆದ್ದರೆ ಮಾತ್ರ ಉಂಟು. 1989 ಮತ್ತು 1990ರಲ್ಲಿ ಮಿಲಾನ್, 2016 ಮತ್ತು 2017ರಲ್ಲಿ ರಿಯಲ್ ಮ್ಯಾಡ್ರಿಡ್ ನಿಜಕ್ಕೂ ಕಪ್ಪನ್ನು ಉಳಿಸಿಕೊಂಡವು. 2014 ಮತ್ತು 2015ರಲ್ಲಿ ಇರಾನಿ ಕಪ್ ಗೆದ್ದ ಕರ್ನಾಟಕವೂ ಹಾಗೆಯೇ, ಎರಡೂ ಸಲ ರಣಜಿ ಚಾಂಪಿಯನ್ ಆಗಿದ್ದರಿಂದ. ಆದರೆ 2023ರ ವಿಜೇತ ಮ್ಯಾಂಚೆಸ್ಟರ್ ಸಿಟಿ 2024ರಲ್ಲಿ ಕಣದಲ್ಲೇ ಇರಲಿಲ್ಲ. ಅದು ‘ಕಪ್ ಉಳಿಸಿಕೊಳ್ಳಲು ವಿಫಲವಾಯಿತು’ ಎಂದರೆ ಆಡದ ತಂಡದ ಮೇಲೆ ಸೋಲು ಹೊರಿಸಿದಂತೆ.

ಸದಸ್ಯರಲ್ಲಿ ಎರಡು ವಿಷಯಗಳನ್ನು ಕೇಳುತ್ತಿದ್ದೇನೆ. ಎರಡು ಪಂದ್ಯಗಳ ಸ್ಪರ್ಧೆಯಲ್ಲಿ ಪ್ರತಿಯೊಂದನ್ನು ‘ಲೆಗ್’ ಎಂದೂ ‘ಚರಣ’ ಎಂದೂ ಬರೆಯುವುದಿದೆ. ಕ್ರಿಕೆಟ್‌ನ ಲೆಗ್ ಸ್ಪಿನ್ ನೆನಪಾಗುವುದರಿಂದ ಮೊದಲನೆಯದು ನನಗೆ ಹಿಡಿಸದು, ಪದ್ಯದ ವಾಸನೆ ಇರುವುದರಿಂದ ಎರಡನೆಯದೂ ಹಿಡಿಸದು. ಬರೀ ‘ತವರಿನ ಪಂದ್ಯ’, ‘ಎದುರಾಳಿಯ ಊರಿನ ಪಂದ್ಯ’ ಎಂದರೆ ಸಾಲದೇ? ಎರಡನೆಯದಾಗಿ, ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರದಂಥ ಫುಟ್‌ಬಾಲ್ ಬಡಾವಣೆಗಳಲ್ಲಿ ಅಥವಾ ಕರಾವಳಿಯ ಮೈದಾನಗಳಲ್ಲಿ, ಟೂರ್ನಿಯ ಹಂಗಿಲ್ಲದೆ ಎರಡು ತಂಡಗಳು ಒಂದು ಕಪ್ಪಿಗಾಗಿ ಒಂದೇ ದಿನ ಆಡುವ ಪಂದ್ಯಕ್ಕೆ ಆಟಗಾರರು ತಮ್ಮೊಳಗೆ ಬಳಸುವ ಹೆಸರೇನಾದರೂ ಇದೆಯೇ? ಕೇಳಿ ಬಲ್ಲವರು ದಯವಿಟ್ಟು ಊರಿನ ಹೆಸರಿನೊಂದಿಗೆ ತಿಳಿಸಿ.