‘ಎವ್ರಿಮನ್’ ನಾಟಕ: ಪಾಪನಿವೇದನೆಯಾದ ಮೇಲೂ ಚಾವಟಿ ಏಕೆ?

ಪ್ರಶ್ನೆ (ಹವ್ಯಾಸಿ ನಟ, ಬೆಳಗಾವಿ):
15ನೆಯ ಶತಮಾನದ ಕೊನೆಯ ಇಂಗ್ಲಿಷ್ ನೀತಿನಾಟಕ ‘ಎವ್ರಿಮನ್’ ಅನ್ನು ನಮ್ಮ ತಂಡವು ಕನ್ನಡಕ್ಕೆ ತರುತ್ತಿದೆ. ಸಾವಿನ ಕರೆ ಬಂದ ನಾಯಕನು ‘ಅರಿವಿ’ನ ಜೊತೆಯಲ್ಲಿ ‘ಪಾಪನಿವೇದನೆ’ ಎಂಬ ಪಾತ್ರದ ಮುಂದೆ ಮೊಣಕಾಲೂರಿ ಕರುಣೆ ಬೇಡುತ್ತಾನೆ. ದೃಶ್ಯ ಅಲ್ಲಿಗೇ ಮುಗಿಯುವುದಿಲ್ಲ. ಆ ಪಾತ್ರವು ಪ್ರಾಯಶ್ಚಿತ್ತವೆಂಬ ಅಮೂಲ್ಯ ರತ್ನವನ್ನು ಕೊಡುವೆನೆಂದು ಹೇಳಿ ಅವನ ಕೈಗೆ ಚಾವಟಿಯನ್ನು ಕೊಡುತ್ತದೆ. ಅವನು ತನ್ನನ್ನೇ ಹೊಡೆದುಕೊಂಡ ನಂತರವಷ್ಟೇ, ಅದುವರೆಗೆ ನೆಲ ಹಿಡಿದಿದ್ದ ‘ಸತ್ಕರ್ಮ’ ಎದ್ದು ನಡೆಯುತ್ತದೆ. ಕ್ಷಮೆ ದೊರೆತಿದ್ದರೆ ಏಟು ಏಕೆ? ರಂಗದ ಮೇಲೆ, ಚರ್ಚಿನಲ್ಲಿ ಪಾದ್ರಿಗಳು ಪಾಪನಿವೇದನೆ ಕೇಳಲು ಕೂರುವಂಥ ಜಾಲರಿಯುಳ್ಳ ಮರದ ಗೂಡನ್ನು ಇಡಬೇಕೆಂಬುದು ನಮ್ಮ ನಿರ್ದೇಶಕರ ಇಚ್ಛೆ, ಅದು ಸರಿಯೇ?

ಉತ್ತರ 1 (ವಿಜಯಪುರ):
ಕ್ಯಾಥೊಲಿಕ್ ಬೋಧನೆಯಲ್ಲಿ ದೋಷ ಬೇರೆ, ದಂಡ ಬೇರೆ. ಮನಃಪೂರ್ವಕವಾಗಿ ಮರುಗಿ ಗುರುಗಳ (ಪಾದ್ರಿಗಳ) ಮುಂದೆ ಪಾಪವನ್ನು ನಿವೇದಿಸಿದವನಿಗೆ ದೋಷವೂ ನರಕದ ಶಾಶ್ವತ ಶಿಕ್ಷೆಯೂ ನೀಗುತ್ತವೆ. ಆದರೆ ಕಾಲಮಿತಿಯ ದಂಡ ಉಳಿಯಬಹುದು, ಅದನ್ನು ಇಲ್ಲಿ ತೀರಿಸದಿದ್ದರೆ, ಸತ್ತ ಮೇಲೆ ಸ್ವರ್ಗಕ್ಕೆ ಮುನ್ನ ಆತ್ಮವು ಶುದ್ಧವಾಗುವ ಶುದ್ಧೀಕರಣ ಸ್ಥಳದಲ್ಲಿ ತೀರಿಸಬೇಕಾಗುತ್ತದೆ. ಚಾವಟಿಯು ಆ ಬಾಕಿಗಾಗಿ.

ನನಗೆ ಇದಕ್ಕಿಂತ ಸೊಗಸಾಗಿ ಕಾಣುವುದು ಸತ್ಕರ್ಮದ ಪಾತ್ರ. ಮಾರಕ ಪಾಪದಲ್ಲಿ, ಎಂದರೆ ದೇವರ ಕೃಪೆಯನ್ನೇ ಕಳೆಯುವ ಘೋರ ಪಾಪದಲ್ಲಿ, ಬಿದ್ದವನ ಹಿಂದಿನ ಪುಣ್ಯವು ಫಲ ಕೊಡದೆ ನಿರ್ಜೀವವಾಗಿರುತ್ತದೆ, ಪ್ರಾಯಶ್ಚಿತ್ತ ಸಂಸ್ಕಾರದಿಂದ ಕೃಪೆ ಮರಳಿದಾಗ ಅದಕ್ಕೂ ಜೀವ ಬರುತ್ತದೆ ಎಂದು ಮಧ್ಯಯುಗದ ದೈವಶಾಸ್ತ್ರಜ್ಞರು ಬೋಧಿಸಿದ್ದರು. ಈ ಒಣ ಸೂತ್ರವನ್ನು ನಾಟಕಕಾರನು ನೆಲದಿಂದ ಏಳಲಾರದ ಒಂದು ದೇಹವನ್ನಾಗಿ ಮಾಡಿದ್ದಾನೆ. ಆದ್ದರಿಂದ ಸತ್ಕರ್ಮದ ಪಾತ್ರಧಾರಿ ಏಳುವ ಕ್ಷಣವನ್ನು ದಯವಿಟ್ಟು ಅವಸರದಲ್ಲಿ ದಾಟಿಸಬೇಡಿ.

ಉತ್ತರ 2 (ಬಾಗಲಕೋಟೆ):
ಮರದ ಗೂಡು ಬೇಡ. ಅದು 16ನೆಯ ಶತಮಾನದಲ್ಲಿ, ಮಿಲಾನಿನ ಆರ್ಚ್‌ಬಿಷಪ್ ಚಾರ್ಲ್ಸ್ ಬೊರೊಮಿಯೊ ಅವರ ಸುಧಾರಣೆಗಳೊಂದಿಗೆ ಬಳಕೆಗೆ ಬಂದದ್ದು. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಲೇಬೇಕೆಂದು 1215ರ ನಾಲ್ಕನೆಯ ಲ್ಯಾಟೆರನ್ ಮಹಾಸಭೆ (ಕ್ಯಾಥೊಲಿಕ್ ಬಿಷಪ್‌ಗಳ ಸಭೆ) ವಿಧಿಸಿದ ಮೇಲೂ, ಜನರು ಚರ್ಚಿನಲ್ಲಿ ಕುಳಿತ ಗುರುಗಳ ಬಳಿ ಎಲ್ಲರಿಗೂ ಕಾಣುವಂತೆಯೇ ಮೊಣಕಾಲೂರುತ್ತಿದ್ದರು. ಒಂದು ಆಸನ ಸಾಕು. ನಮ್ಮ ಪಾರಿಜಾತದ ಆಟಗಳನ್ನು ಕಂಡವರಿಗೆ ಬರಿದಾದ ರಂಗವೇನೂ ಕೊರತೆಯಾಗಿ ತೋರದು.

ಪಾತ್ರ ಹಂಚುವಾಗ ಇನ್ನೊಂದನ್ನು ಗಮನಿಸಿ: ಮೂಲದಲ್ಲಿ ಪಾಪನಿವೇದನೆಯನ್ನು ‘ಪವಿತ್ರ ಪುರುಷ’ ಎಂದೂ ‘ಮುಕ್ತಿಯ ತಾಯಿ’ ಎಂದೂ ಕರೆಯಲಾಗಿದೆ. ಮೂಲದ ‘ಪೆನನ್ಸ್’ ಎಂಬ ಪದಕ್ಕೆ ಅನುವಾದದಲ್ಲಿ ‘ಪ್ರಾಯಶ್ಚಿತ್ತ’ವೇ ಇರಲಿ. ಚರ್ಚಿನ ಕನ್ನಡದಲ್ಲಿ ಈಸ್ಟರ್ ಮುಂಚಿನ ಉಪವಾಸದ ದಿನಗಳು ‘ತಪಸ್ಸುಕಾಲ’ವಾದರೂ, ರಂಗದ ಮೇಲೆ ‘ತಪಸ್ಸು’ ಎಂದರೆ ನಮ್ಮ ಪ್ರೇಕ್ಷಕರ ಕಣ್ಣ ಮುಂದೆ ಕಾಡಿನ ಋಷಿಯೇ ಬಂದು ಕೂರುತ್ತಾನೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಗೂಡನ್ನು ಕೈಬಿಡುವಂತೆ ನಿರ್ದೇಶಕರನ್ನು ಒಪ್ಪಿಸುತ್ತೇನೆ. ಪಾಪನಿವೇದನೆಯ ಪಾತ್ರವನ್ನು ನಟಿಯೊಬ್ಬರಿಗೆ ಕೊಡಬೇಕೆಂದು ನನಗೀಗ ಅನ್ನಿಸುತ್ತಿದೆ; ಹಾಗೆ ಮಾಡಿದರೆ ‘ಪವಿತ್ರ ಪುರುಷ’ ಎಂಬ ಮಾತನ್ನು ಉಳಿಸಿಕೊಳ್ಳಬಹುದೇ?