‘ಹೊಗೆಮಂಜು’ ಬೇಸಗೆಗೂ ಸಲ್ಲುವ ಪದವೇ?

ವಾಹನಗಳಿಂದ ಕೆಡುವ ನಗರದ ಗಾಳಿಯ ಬಗ್ಗೆ ಬರೆಯುವಾಗ ನಾವು ‘ಹೊಗೆಮಂಜು’ ಎಂಬ ಪದವನ್ನು ಎಲ್ಲ ಋತುಗಳಿಗೂ ಬಳಸುತ್ತಿದ್ದೇವೆ. ಇದು 1905ರಲ್ಲಿ ಲಂಡನ್ನಿನ ಕಲ್ಲಿದ್ದಲ ಹೊಗೆಯ ಚರ್ಚೆಯಲ್ಲಿ ಪ್ರಚಾರಕ್ಕೆ ಬಂದ ‘ಸ್ಮಾಗ್’ (ಸ್ಮೋಕ್ ಅಂದರೆ ಹೊಗೆ, ಫಾಗ್ ಅಂದರೆ ಮಂಜು) ಎಂಬ ಬೆಸುಗೆಪದದ ಕನ್ನಡ ರೂಪ. ಚಳಿಗಾಲಕ್ಕೆ ಇದು ಚೆನ್ನಾಗಿಯೇ ಒಪ್ಪುತ್ತದೆ. ರಾತ್ರಿ ನೆಲ ತಣಿದಾಗ ಅದಕ್ಕೆ ತಾಗಿದ ಗಾಳಿಯೂ ತಣಿದು ಭಾರವಾಗುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಮುಚ್ಚಳದಂತೆ ಕುಳಿತು, ಬೆಳಗಿನ ವಾಹನಗಳು ಉಗುಳಿದ ಹೊಗೆ ಮತ್ತು 2.5 ಮೈಕ್ರೋಮೀಟರಿಗಿಂತ ಚಿಕ್ಕದಾದ ಕಣಗಳು ಮೇಲೇರದಂತೆ ತಡೆಯುತ್ತದೆ. ಇದನ್ನು ಪಠ್ಯಪುಸ್ತಕಗಳು ಹೇಳುವ ‘ಉಷ್ಣತೆಯ ವಿಲೋಮ’ಕ್ಕಿಂತ ‘ತಾಪದ ತಿರುವುಮುರುವು’ ಎಂದರೆ ಓದುಗರಿಗೆ ಬೇಗ ಹೊಳೆಯುತ್ತದೆಂಬುದು ನನ್ನ ಎಣಿಕೆ. ಇಲ್ಲಿ ‘ಮಾಲಿನ್ಯ ಹೆಚ್ಚುತ್ತದೆ’ ಎಂಬ ಕ್ರಿಯಾಪದವೂ ಸ್ವಲ್ಪ ದಾರಿ ತಪ್ಪಿಸುತ್ತದೆ: ವಾಹನಗಳು ಅಷ್ಟೇ ಇದ್ದರೂ ಹೊಗೆ ಹರಡಿಕೊಳ್ಳಲು ಇರುವ ಜಾಗ ಕಿರಿದಾಗುವುದರಿಂದ, ‘ಮಡುಗಟ್ಟುತ್ತದೆ’ ಎನ್ನುವುದೇ ಹೆಚ್ಚು ನಿಖರ.

ತೊಡಕಿರುವುದು ಬೇಸಗೆಯಲ್ಲಿ. ವಾಹನಗಳಿಂದ ಹೊರಬರುವ ಸಾರಜನಕದ ಆಕ್ಸೈಡುಗಳೂ ಪೂರ್ತಿ ಉರಿಯದ ಇಂಧನದ ಆವಿಗಳೂ ಪ್ರಖರ ಬಿಸಿಲಿನಲ್ಲಿ ವರ್ತಿಸಿ ಓಝೋನ್ ಎಂಬ ಅನಿಲವನ್ನೂ ಅದರ ಜೊತೆಗೆ ಕಂದು ಮಸುಕನ್ನೂ ಉಂಟುಮಾಡುತ್ತವೆ. ಲಾಸ್ ಏಂಜಲೀಸಿನಲ್ಲಿ ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಗುರುತಿಸಲಾದ ಈ ಕಂದು ಮಸುಕು ಚಳಿಗಾಲದ್ದಕ್ಕೆ ಬಹುಮಟ್ಟಿಗೆ ತದ್ವಿರುದ್ಧವಾದುದು: ಅದು ಬೆಳಗಿನಲ್ಲಲ್ಲ, ಮಧ್ಯಾಹ್ನ ಏರುತ್ತದೆ, ಎಂಜಿನ್ನಿನಿಂದ ಆಗತಾನೇ ಹೊರಟ ನೈಟ್ರಿಕ್ ಆಕ್ಸೈಡ್ ಓಝೋನನ್ನು ಅಲ್ಲಲ್ಲೇ ನುಂಗುವುದರಿಂದ, ದಟ್ಟಣೆಯ ರಸ್ತೆಯ ಪಕ್ಕಕ್ಕಿಂತ ಗಾಳಿ ಬೀಸುವ ದಿಕ್ಕಿನ ಹೊರವಲಯದಲ್ಲಿ ಓಝೋನ್ ಹೆಚ್ಚಿರುವುದೂ ಉಂಟು. ಇದರಲ್ಲಿ ಮಂಜು ಇಲ್ಲವೇ ಇಲ್ಲ, ನಾವು ಸಾಮಾನ್ಯವಾಗಿ ಹೊಗೆ ಎನ್ನುವುದೂ ಇಲ್ಲ.

‘ದ್ಯುತಿರಾಸಾಯನಿಕ (ಬೆಳಕಿನಿಂದ ನಡೆಯುವ ರಾಸಾಯನಿಕ ಕ್ರಿಯೆಯ) ಹೊಗೆಮಂಜು’ ಎಂಬ ಪ್ರಯೋಗ ಇದೆ, ಆದರೆ ಅದು ಇಲ್ಲದ ಎರಡು ವಸ್ತುಗಳ ಹೆಸರಿಗೆ ಉದ್ದದ ವಿಶೇಷಣವೊಂದನ್ನು ಕಟ್ಟಿದಂತಿದೆ. ಮಳೆಗಾಲದ ತೊಂದರೆ ಇಷ್ಟಿಲ್ಲ. ಮಳೆ ಕಣಗಳನ್ನು ತೊಳೆಯುತ್ತದೆ ಎಂದರೆ ಮುಗಿಯಿತು.

ನನಗೆ ತೋಚಿದ್ದು ‘ಬಿಸಿಲ್ಮಬ್ಬು’. ‘ಮಬ್ಬು’ ಎಂಬುದಕ್ಕೆ ಮಸುಕು, ಮಂಕು ಎಂಬ ಅರ್ಥಗಳಿರುವುದರಿಂದ ಅದು ತೇವವನ್ನು ಸೂಚಿಸದೆ, ನೋಟ ಮಸುಕಾಗುವುದನ್ನಷ್ಟೇ ಹೇಳುತ್ತದೆ. ಆದರೆ ಬಿಸಿಲು ಮಂಕಾಗಿರುವ ಮೋಡದ ದಿನ ಎಂದು ಯಾರಾದರೂ ಇದನ್ನು ಅರ್ಥಮಾಡಿಕೊಂಡಾರೇ ಎಂಬ ಅಳುಕೂ ಇದೆ. ಈ ಪದವನ್ನು ನೀವು ಮೊದಲ ಸಲ ಓದಿದಾಗ ಯಾವ ಅರ್ಥ ಹೊಳೆಯಿತು, ಇದಕ್ಕಿಂತ ಹೊಂದುವ ಪದವೇನಾದರೂ ಬಳಕೆಯಲ್ಲಿದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.